ಕಣ್ಣು ಕೆಳಗಿರಲಿ

ಫೋಟೋ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಮೇಲ್ದುಟಿಯ ಬೆವರು. ಈಗ ಬೆಳ್ತಂಗಡಿಯ ನನ್ನ ಕ್ಲಾಸಿಗೆ ಬರುವ ಮಕ್ಕಳು ಗೆಜ್ಜೆ ಕಟ್ಟುವ ಮೊದಲೇ ಮೊಬೈಲು ಎತ್ತುತ್ತಾರೆ. ಒಂದು ಕಾಲು ಮೇಲೆ ಮಾಡಿ, ಕತ್ತು ಓರೆ ಮಾಡಿ, ಪಟಪಟನೆ ತೆಗೆದು, ಬೇಡದ್ದನ್ನು ಅಳಿಸಿ ಮತ್ತೆ ತೆಗೆಯುತ್ತಾರೆ. ತೆಗೆಯಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಉಂಟು, ಸುಳ್ಳು ಯಾಕೆ ಹೇಳಲಿ. ನಾನು ಅವರ ವಯಸ್ಸಿನಲ್ಲಿದ್ದಾಗ ಒಂದು ಫೋಟೋ ಎಂದರೆ ಒಂದೇ ಫೋಟೋ. ನನ್ನ ಪಾಲಿಗಂತೂ ನಾನು ಮುಂದೆ ಕುಣಿಯಬೇಕೋ ಬೇಡವೋ ಎನ್ನುವುದೇ ಆ ಒಂದು ಫೋಟೋದ ಮೇಲೆ ನಿಂತಿತ್ತು. ಅದು ಈಗ ನನ್ನ ಕ್ಲಾಸಿನ ಗೋಡೆಯ ಮೇಲಿದೆ. ನೋಡಿದವರೆಲ್ಲ ‘ಎಷ್ಟು ಚಂದ ಪೋಸು ಕೊಟ್ಟಿದ್ದೀರಿ ಟೀಚರ್’ ಎನ್ನುತ್ತಾರೆ. ಪೋಸಂತೆ, ಕರ್ಮ! ಅದು ಪೋಸು ಬಿಟ್ಟ ಕ್ಷಣದ ಫೋಟೋ.

ಬಂಟ್ವಾಳದಲ್ಲಿ ನಮ್ಮ ಮನೆ ರಸ್ತೆಗೆ ಮುಖ ಮಾಡಿಕೊಂಡಿತ್ತು. ಬಸ್ಸು ಹೋದರೆ ಅಡುಗೆಮನೆಯ ತಟ್ಟೆಗಳು ಅದುರುತ್ತಿದ್ದವು. ಎದುರಿಗೆ ಕೆಂಪು ಗಾರೆಯ ಜಗಲಿ, ಒಳಗೆ ಚಾವಡಿ, ಚಾವಡಿಯ ಒಂದು ಬದಿಗೆ ಮನೆ ಕಾಯುವ ದೈವದ ಕೋಣೆ, ಇನ್ನೊಂದು ಬದಿಗೆ ಅಮ್ಮನ ಕೋಣೆ. ದೈವದ ಕೋಣೆಯಲ್ಲಿ ಒಂದು ಮರದ ಮಂಚ, ಅದರ ಮೇಲೆ ದೈವದ ಹಿತ್ತಾಳೆಯ ಮೊಗ, ಎದುರಿಗೆ ಕಾಲುದೀಪ. ಅಮ್ಮನ ಕೋಣೆಯಲ್ಲಿ ಆಳೆತ್ತರದ ಕನ್ನಡಿಯಿದ್ದ ಕಪಾಟು. ಎರಡೂ ಬಾಗಿಲು ತೆರೆದಿದ್ದರೆ ಕನ್ನಡಿಯೊಳಗೆ ದೈವದ ಮೊಗ ಕಾಣುತ್ತಿತ್ತು. ಹಾಗಾಗಿ ನಾನು ಬಾಗಿಲು ಹಾಕಿಕೊಂಡೇ ಅಭ್ಯಾಸ ಮಾಡುತ್ತಿದ್ದೆ, ಅದೂ ಬರಿಗಾಲಿನಲ್ಲಿ. ಮನೆಯೊಳಗೆ ಗೆಜ್ಜೆ ಸದ್ದು ಮಾಡಬಾರದು ಎನ್ನುವುದು ಅಜ್ಜಿಯ ಕಾನೂನು. ದೈವ ಕುಣಿಯುವ ಕೋಲದ ದಿನ ಅದರ ಕಾಲಿನ ಗಗ್ಗರದ ಸದ್ದು ಕೇಳುವ ಚಾವಡಿಯಲ್ಲಿ ಹುಡುಗಿಯೊಬ್ಬಳು ಝಲ್ ಝಲ್ ಎನ್ನುತ್ತಾ ಓಡಾಡುವುದೆಂದರೇನು? ನನ್ನ ಗೆಜ್ಜೆಯನ್ನು ಮೈ ಒರೆಸುವ ಹಳೆಯ ಬೈರಾಸಿನಲ್ಲಿ ಬಿಗಿಯಾಗಿ ಸುತ್ತಿ, ಜಗಲಿಯ ಮೂಲೆಯ ಬುಟ್ಟಿಯಲ್ಲಿ ಇಟ್ಟಿರುತ್ತಿದ್ದರು. ಭಾನುವಾರ ನೃತ್ಯದ ಕ್ಲಾಸಿಗೆ ಬಸ್ಸು ಹತ್ತುವಾಗ ಚೀಲದೊಳಗೆ ಅದು ಸ್ವಲ್ಪ ಕಿಣಿ ಎಂದರೂ ಅಜ್ಜಿ ಒಳಗಿನಿಂದ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಪ್ಪ ಮಸ್ಕತ್ತಿನಲ್ಲಿದ್ದರು. ಶುಕ್ರವಾರ ಫೋನು ಮಾಡಿ ‘ಮಾವ ಹೇಳಿದ ಹಾಗೆ ಕೇಳು’ ಎಂದು ಇಡುತ್ತಿದ್ದರು. ನಮ್ಮದು ಅಮ್ಮನ ಕಡೆಯ ಮನೆ, ಮನೆಯ ಯಜಮಾನಿಕೆ ಅಮ್ಮನ ಅಣ್ಣನದು. ಮಾವನಿಗೆ ಮಾಣಿ ಎಂಬ ಊರಿನ ಜಂಕ್ಷನಿನಲ್ಲಿ ಹೋಟೆಲು. ಊರಿಗೆಲ್ಲ ಊಟ ಬಡಿಸುವ ಮಾವ ತಾನು ಮಾತ್ರ ಹೋಟೆಲಿನಲ್ಲಿ ಉಣ್ಣುತ್ತಿರಲಿಲ್ಲ. ಮಧ್ಯಾಹ್ನದ ಗಿರಾಕಿಗಳು ಖಾಲಿಯಾದ ಮೇಲೆ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದರು. ಸ್ಕೂಟರು ತಿರುವಿನಲ್ಲಿ ಇರುವಾಗಲೇ ರೇಡಿಯೋ ಬಂದ್, ನನ್ನ ಅಭ್ಯಾಸ ಬಂದ್, ಅಮ್ಮನ ಮುಖದ ನಗುವೂ ಬಂದ್. ಮಾವ ಬೈಯುವವರಲ್ಲ, ಹೊಡೆಯುವವರಂತೂ ಅಲ್ಲವೇ ಅಲ್ಲ. ಆದರೆ ಊಟದ ನಡುವೆ ಕೈ ನಿಲ್ಲಿಸಿ ತಟ್ಟೆಯನ್ನೇ ನೋಡುತ್ತಾ ಕುಳಿತರೆಂದರೆ ಬಡಿಸುವವರ ಕೈಕಾಲು ತಣ್ಣಗಾಗುತ್ತಿತ್ತು. ಸೌಟು ಹಿಡಿದು ನಿಂತ ಅಮ್ಮನನ್ನು ನಾನು ಅಡುಗೆಮನೆಯ ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಆಗೆಲ್ಲ ಅಮ್ಮ ನನಗಿಂತಲೂ ಚಿಕ್ಕವಳಂತೆ ಕಾಣುತ್ತಿದ್ದಳು.

ನೃತ್ಯದ ಕ್ಲಾಸು ಇದ್ದದ್ದು ಮೂಡುಬಿದಿರೆಯಲ್ಲಿ. ಟೀಚರ್ ಮೈಸೂರು ಕಡೆಯವರು, ಗಂಡನಿಗೆ ವರ್ಗವಾದ ಕಾರಣ ಇತ್ತ ಬಂದವರು. ತುಳು ಒಂದಕ್ಷರ ಬಾರದು. ಇಲ್ಲಿಯವರು ‘ಇದೆ’ ಎನ್ನುವ ಕಡೆಯೆಲ್ಲ ‘ಉಂಟು’ ಎನ್ನುತ್ತಾರೆ ಎಂದು ತಿಳಿದಾಗ ಅವರಿಗೆ ಏನು ಸಂಭ್ರಮ! ಯಾರು ಉಂಟು ಎಂದರೂ ಕಿವಿ ನಿಮಿರಿಸಿ, ‘ಅಂದ್ರೆ ಇದೆ, ಅಲ್ವಾ?’ ಎಂದು ಅಮ್ಮನನ್ನು ನೋಡಿ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಮನೆಯಲ್ಲಿ ಕಾಣದ ಆ ನಗುವಿಗಾಗಿಯೇ ನನಗೆ ಭಾನುವಾರ ಬೇಕಿತ್ತು. ನಾನು ದೊಡ್ಡವಳಾದ ವರ್ಷವೇ ಟೀಚರ್ ರಂಗಪ್ರವೇಶದ ಮಾತು ಎತ್ತಿದರು. ಅಮ್ಮ ಎಷ್ಟೋ ದಿನ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ತಿರುಗಿದಳು. ಕೊನೆಗೊಂದು ಮಧ್ಯಾಹ್ನ ಮಾವನಿಗೆ ಬಂಗುಡೆ ಸಾರು ಬಡಿಸುತ್ತಾ ಹೇಳಿಯೇಬಿಟ್ಟಳು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

“ಅಣ್ಣ, ಟೀಚರ್ ಇವಳ ರಂಗಪ್ರವೇಶ ಮಾಡುವ ಅಂತ ಹೇಳ್ತಾ ಇದ್ದಾರೆ. ಇವಳೊಬ್ಬಳದ್ದೇ ಕಾರ್ಯಕ್ರಮ. ಕಾರ್ಡು ಮಾಡಿಸ್ಲಿಕ್ಕೆ ಉಂಟು.”

“ಕಾರ್ಡಿನಲ್ಲಿ ಎಂತ ಉಂಟು?”

“ಹೆಸರು, ಜಾಗ, ಹೊತ್ತು. ಮತ್ತೆ... ಇವಳದ್ದೊಂದು ಫೋಟೋ.”

ಮಾವನ ಕೈ ನಿಂತಿತು. ಮುಳ್ಳೊಂದನ್ನು ತಟ್ಟೆಯ ಅಂಚಿಗೆ ಇಟ್ಟರು. ಅಜ್ಜಿ ಚಾವಡಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು, ಆ ಸದ್ದೂ ನಿಂತಿತು.

“ಚಿಕ್ಕವಳಿರುವಾಗ ಕುಣಿದದ್ದು ಬೇರೆ,” ಎಂದರು ಮಾವ. “ಫೋಟೋ ಮೊದಲು ನಾನು ನೋಡ್ಬೇಕು. ಹಲ್ಲು ಕಾಣ್ಬಾರ್ದು. ಕಣ್ಣು ಕೆಳಗಿರಲಿ. ಯಾರನ್ನೋ ಕರೆದ ಹಾಗೆ ನೋಡಿದ್ದು ಇದ್ರೆ ಕಾರ್ಡೂ ಇಲ್ಲ, ಕಾರ್ಯಕ್ರಮವೂ ಇಲ್ಲ. ಕ್ಲಾಸು ಕೂಡಾ ಅಲ್ಲಿಗೆ ನಿಲ್ತದೆ. ಆಯ್ತಲ್ಲ?”

“ಆಯ್ತು ಅಣ್ಣ,” ಎಂದಳು ಅಮ್ಮ.

ಆಯ್ತಂತೆ! ನಾನು ಬಾಗಿಲ ಹಿಂದೆ ಹಲ್ಲು ಕಚ್ಚಿ ನಿಂತಿದ್ದೆ. ನೃತ್ಯದಲ್ಲಿ ಕೈ ಎಲ್ಲಿಗೆ ಹೋಗುತ್ತದೋ ಕಣ್ಣು ಅಲ್ಲಿಗೆ ಹೋಗಬೇಕು, ಕಣ್ಣು ಸತ್ತರೆ ಎಲ್ಲವೂ ಸತ್ತಂತೆ ಎಂದು ಟೀಚರ್ ನನ್ನ ಗದ್ದ ಹಿಡಿದೆತ್ತಿ ಕಲಿಸಿದ್ದರು. ಆ ಕಣ್ಣನ್ನೇ ಮಾವ ಕೆಳಗಿಡು ಎನ್ನುತ್ತಿದ್ದರು. ಟೀಚರ್ ಕೇಳಿ ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ಯೋಚಿಸಿ ಒಂದು ದಾರಿ ಹುಡುಕಿದರು. ಬಲಗೈ ಎದೆಯ ಹತ್ತಿರ, ಎಡಗೈ ಸೊಂಟದ ಮಟ್ಟಕ್ಕೆ ಚಾಚಿ ಅರಳಿದ ತಾವರೆಯ ಮುದ್ರೆ, ಕಣ್ಣು ಆ ತಾವರೆಯ ಮೇಲೆ. ಆಗ ನೃತ್ಯದ ಮರ್ಯಾದೆಯೂ ಉಳಿಯಿತು, ಮಾವನದ್ದೂ ಉಳಿಯಿತು.

ಅಂದಿನಿಂದ ಅಮ್ಮನ ಕೋಣೆ ಪರೀಕ್ಷೆಯ ಕೋಣೆಯಾಯಿತು. ಶಾಲೆಯಿಂದ ಬಂದು ಗಂಜಿ ಕುಡಿದ ಕೂಡಲೇ ಕನ್ನಡಿಯ ಎದುರು ಅರೆಮಂಡಿಯಲ್ಲಿ ನಿಲ್ಲಬೇಕು, ಅಂದರೆ ಮಂಡಿಗಳನ್ನು ಹೊರಗೆ ತಿರುಗಿಸಿ ಅರ್ಧ ಕುಳಿತಂತೆ. ಕುಣಿಯುವಾಗ ಅದು ಕಷ್ಟವೇ ಅಲ್ಲ. ಫೋಟೋಕ್ಕೆಂದು ಅಲುಗದೆ ನಿಂತು ನೋಡಿ, ತೊಡೆಯೊಳಗೆ ಯಾರೋ ಕೆಂಡ ಇಟ್ಟ ಹಾಗಾಗುತ್ತದೆ. ಮೊಣಕೈ ಮೈಗೆ ಅಂಟಿದರೆ ಕೈ ದಪ್ಪ ಕಾಣುತ್ತದೆ, ನಡುವೆ ಬೆಳಕು ಕಾಣುವಷ್ಟು ಜಾಗ ಬೇಕು. ಭುಜ ಏರಿದರೆ ಕತ್ತು ಕಾಣೆಯಾಗುತ್ತದೆ. ಉಸಿರು ತುಂಬ ಎಳೆದುಕೊಂಡರೆ ಹೆದರಿದವಳ ಹಾಗೆ, ಪೂರ್ತಿ ಬಿಟ್ಟರೆ ಸುಸ್ತಾದವಳ ಹಾಗೆ. ಅಮ್ಮನಿಗೆ ನೃತ್ಯದ ಗಂಧಗಾಳಿ ಇಲ್ಲ, ಆದರೂ ಮಂಚದ ಮೇಲೆ ಕುಳಿತು ನನ್ನನ್ನು ಅಕ್ಕಿ ಆರಿಸುವ ಹಾಗೆ ಆರಿಸುತ್ತಿದ್ದಳು.

“ಕಣ್ಣು ಮಗಾ, ಕಣ್ಣು. ಮೇಲೆ ಬಂತು.”

“ಬರಲಿ ಬಿಡು! ಕಳ್ಳತನ ಮಾಡಿದವರ ಹಾಗೆ ಎಷ್ಟು ಹೊತ್ತು ನೆಲ ನೋಡುವುದು?”

“ಸಣ್ಣಕೆ ಮಾತಾಡು ಮಾರಾಯ್ತಿ. ಅಜ್ಜಿ ಅಲ್ಲೇ ಇದ್ದಾರೆ.”

“ಇರಲಿ. ಕೆಮ್ಮಲಿ.”

ಅಮ್ಮ ಎದ್ದು ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

“ನನಗೆ ಹಾಡಲಿಕ್ಕೆ ಬರ್ತಿತ್ತು, ಗೊತ್ತುಂಟಾ ನಿನಗೆ?” ಎಂದಳು. “ಇದೇ ಚಾವಡಿಯಲ್ಲಿ ಬೇಡ ಅಂದ್ರು. ನಾನು ಆಯ್ತು ಅಂದೆ. ಈಗ ಬಾಯಿ ತೆರೆದರೆ ಸ್ವರವೇ ಇಲ್ಲ. ನೀನು ಒಂದೇ ಒಂದು ಫೋಟೋಕ್ಕೆ ಕಣ್ಣು ತಗ್ಗಿಸು. ಮತ್ತೆ ನಿನ್ನ ಕಣ್ಣು ನಿನ್ನದು.”

ಅಮ್ಮ ಹಾಡುತ್ತಿದ್ದಳೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಾನು ಕಣ್ಣು ತಗ್ಗಿಸಿ ಮತ್ತೆ ಅರೆಮಂಡಿಗೆ ಇಳಿದೆ.

ಸ್ಟುಡಿಯೋ ಮೂಡುಬಿದಿರೆಯಲ್ಲೇ, ಕ್ಲಾಸಿಗೆ ಹತ್ತಿರದಲ್ಲಿ. ಅದರ ಯಜಮಾನರು ಒಬ್ಬ ವಯಸ್ಸಾದ ಕ್ರಿಶ್ಚಿಯನ್. ನಮ್ಮಲ್ಲಿ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವಂತೆ ಎಲ್ಲರೂ ಅವರನ್ನು ಪೊರ್ಬುಗಳೇ ಎನ್ನುತ್ತಿದ್ದರು. ಮದುವೆ, ಬೊಜ್ಜ ಎನ್ನುವ ಉತ್ತರಕ್ರಿಯೆ, ಪಾಸ್‌ಪೋರ್ಟು ಎಲ್ಲಕ್ಕೂ ಅವರದೇ ಕ್ಯಾಮರಾ. ಆ ದಿನ ಟೀಚರ್ ನನಗೆ ಬೆಳಿಗ್ಗೆಯಿಂದ ಬಣ್ಣ ಹಚ್ಚಿ, ಜಡೆ ಕಟ್ಟಿ, ಬೇರೆ ಹುಡುಗಿಯ ರೇಷ್ಮೆ ಉಡುಪು ಉಡಿಸಿದ್ದರು. ಅದನ್ನು ಸಂಜೆಯೊಳಗೆ ಹಿಂದೆ ಕೊಡಬೇಕಿತ್ತು, ಅವಳಿಗೆ ಬೇರೆ ಊರಿನಲ್ಲಿ ಕಾರ್ಯಕ್ರಮ. ಪೊರ್ಬುಗಳು ಕಂಬ ಮತ್ತು ನವಿಲಿನ ಚಿತ್ರವಿದ್ದ ಪರದೆ ಇಳಿಸಿದರು, ಎರಡು ದೊಡ್ಡ ದೀಪ ಹಾಕಿದರು. ಸೆಕೆಯೋ ಸೆಕೆ. ಬೆವರು ಮೂಗಿನ ಕೆಳಗೆ ಮಣಿಮಣಿಯಾಗಿ ಕೂತಿತು. ಅಮ್ಮ ಸೆರಗಿನ ತುದಿಯಿಂದ ಒತ್ತುತ್ತಾಳೆ, ಅದು ಮತ್ತೆ ಬರುತ್ತದೆ. ಪೊರ್ಬುಗಳು ಕ್ಯಾಮರಾದ ಹಿಂದಿನಿಂದ ಇಣುಕಿ ತಲೆ ಅಲ್ಲಾಡಿಸಿದರು.

“ಕಣ್ಣು ಅಷ್ಟು ಕೆಳಗೆ ಹಾಕಿದ್ರೆ ಮುಚ್ಚಿದ ಹಾಗೆ ಬರ್ತದೆ, ಟೀಚರ್. ಸ್ವಲ್ಪ ಮೇಲೆ ಮಾಡುವ.”

“ಬೇಡ ಬೇಡ,” ಎಂದಳು ಅಮ್ಮ, ಟೀಚರ್ ಬಾಯಿ ತೆರೆಯುವ ಮೊದಲೇ. “ಹಾಗೆಯೇ ತೆಗೀರಿ.”

ತೆಗೆದರು. ಒಂದು, ಮತ್ತೊಂದು, ಮತ್ತೂ ಒಂದು. ಮದುವೆಗೆ ಹಾಕಿ ಉಳಿದ ರೀಲು, ಮುಗಿಯುತ್ತಾ ಬಂದಿತ್ತು. ನನ್ನ ತೊಡೆ ಅದುರಲು ಶುರುವಾಯಿತು. ಅದನ್ನು ಕಂಡ ಪೊರ್ಬುಗಳು ಅವಸರದಲ್ಲಿ ತುಳುವಿನಲ್ಲೇ ಕೂಗಿದರು.

“ಉಂತು ಬಾಲೆ, ಉಂತು! ಉಂತು!”

ತುಳುವಿನಲ್ಲಿ ಉಂತು ಎಂದರೆ ನಿಲ್ಲು. ಅಲುಗಬೇಡ ಮಗೂ, ಹಾಗೇ ನಿಲ್ಲು ಎಂದು ಅವರು ಹೇಳಿದ್ದು. ಆದರೆ ನಮ್ಮ ಟೀಚರ್ ಕಿವಿಗೆ ಬಿದ್ದದ್ದು ಅವರ ಪ್ರೀತಿಯ ಉಂಟು. ಇದೆ ಇದೆ, ಫೋಟೋ ಚೆನ್ನಾಗಿ ಬಂದಿದೆ ಎಂದುಕೊಂಡು ಚಪ್ಪಾಳೆ ತಟ್ಟಿಯೇಬಿಟ್ಟರು.

“ಉಂಟಂತೆ ಕಣೇ, ಬಂತಂತೆ! ಸಾಕು, ಕಣ್ಣೆತ್ತು!”

ನನಗೆ ಎರಡೂ ಭಾಷೆ ಗೊತ್ತು. ನಿಲ್ಲಬೇಕೆಂದು ತಲೆಗೆ ಗೊತ್ತಿತ್ತು. ಆದರೆ ಟೀಚರ್ ಕಣ್ಣೆತ್ತು ಎಂದರೆ ಎತ್ತಿ ಎತ್ತಿ ಅಭ್ಯಾಸವಾದ ಮೈ ಇದು. ಅದರ ಮೇಲೆ ಸೆಕೆ, ಉರಿ, ಇಷ್ಟು ದಿನ ನೆಲ ನೋಡಿಸಿದವರ ಮೇಲೆಲ್ಲ ಸಿಟ್ಟು. ಕತ್ತು ನೇರವಾಯಿತು, ಕಣ್ಣು ಎದ್ದು ಕ್ಯಾಮರಾದ ಗಾಜಿಗೆ ನೆಟ್ಟಿತು. ಅದೇ ಕ್ಷಣ ಫ್ಲಾಶ್ ಹೊಡೆಯಿತು.

“ಎಂತ ಟೀಚರ್ ನೀವು! ನಾನು ನಿಲ್ಲು ಅಂದದ್ದು!”

“ನೀವು ಉಂಟು ಅಂದ್ರಲ್ಲಾ?”

ಬೇರೆ ದಿನವಾಗಿದ್ದರೆ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ರೀಲು ಮುಗಿದಿತ್ತು. ಅಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡು, ಮೊದಲು ತೆಗೆದದ್ದರಲ್ಲಿ ಒಂದಾದರೂ ಸರಿ ಬಂದಿರಬಹುದು ಎಂದಳು.

ಬರಲಿಲ್ಲ. ಮುಂದಿನ ಭಾನುವಾರ ಲಕೋಟೆ ಬಿಚ್ಚಿ ನೋಡಿದರೆ ಎಲ್ಲದರಲ್ಲೂ ನಾನು ಕಿರೀಟವೊಂದು ಬಿಟ್ಟು ಮತ್ತೆಲ್ಲ ಹೇರಿಕೊಂಡು ನಿಂತಲ್ಲೇ ನಿದ್ದೆ ಹೋಗಿದ್ದೆ. ‘ಬೊಜ್ಜದ ಮನೆಯ ಫೋಟೋ ಹಾಗೆ ಉಂಟು’ ಎಂದು ಪೊರ್ಬುಗಳೇ ಹೇಳಿಬಿಟ್ಟರು. ಕೊನೆಯದು ಮಾತ್ರ ಬೇರೆ. ಅದರಲ್ಲಿ ತಾವರೆಯ ಕೈ ಹಾಗೆಯೇ ಇತ್ತು, ಅರೆಮಂಡಿಯೂ ಇತ್ತು. ನಡುವೆ ಎರಡು ಕಣ್ಣು ನೋಡುವವರನ್ನು ನೇರವಾಗಿ ಹಿಡಿದು ನಿಲ್ಲಿಸುತ್ತಿದ್ದವು. ಉಡುಪು ಹೋಗಿಯಾಗಿತ್ತು, ಸಭಾಂಗಣ ಗೊತ್ತಾಗಿತ್ತು, ಪ್ರೆಸ್ಸಿನವರು ಫೋಟೋಕ್ಕೆ ಕಾಯುತ್ತಿದ್ದರು. ಬಸ್ಸಿನಲ್ಲಿ ಅಮ್ಮ ಲಕೋಟೆಯನ್ನು ಮಡಿಲಲ್ಲಿ ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತಿದ್ದಳು.

“ನಿದ್ದೆ ಮಾಡುವ ಫೋಟೋವನ್ನೇ ಮಾವನಿಗೆ ತೋರಿಸುವ, ಅಮ್ಮ,” ಎಂದೆ. ನನ್ನ ಧೈರ್ಯವೆಲ್ಲ ಸ್ಟುಡಿಯೋದಲ್ಲೇ ಮುಗಿದಿತ್ತು.

“ನಿದ್ದೆ ಮಾಡುವವಳ ಫೋಟೋ ಹಾಕಿ ಕುಣಿತ ನೋಡ್ಲಿಕ್ಕೆ ಬನ್ನಿ ಅಂತ ಕರೆಯುವುದಾ?” ಎಂದಳು ಅಮ್ಮ. ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಮಾವ ಉಂಡು ಕೈ ತೊಳೆದು ಬಂದ ಮೇಲೆ ಅಮ್ಮ ಮೇಜಿನ ಮೇಲೆ ಇಟ್ಟದ್ದು ಆ ಕೊನೆಯ ಫೋಟೋವನ್ನು ಮಾತ್ರ. ನಾನು ಶಾಲೆ ತಪ್ಪಿಸಿ ಬಾಗಿಲ ಸಂದಿನಲ್ಲಿ ನಿಂತಿದ್ದೆ. ಮಾವ ಅದನ್ನು ಎತ್ತಿ ನೋಡಲಿಲ್ಲ, ಇದ್ದಲ್ಲೇ ನೋಡಿದರು. ಆಮೇಲೆ ಒಂದು ಬೆರಳಿನಿಂದ ಮಗುಚಿ ಹಾಕಿದರು.

“ನಾನು ಎಂತ ಹೇಳಿದ್ದೆ?”

“ಅಣ್ಣ, ಇದರಲ್ಲಿ ತಪ್ಪು ಎಂತ ಉಂಟು?” ಅಮ್ಮನ ಸ್ವರ ಒಡೆಯಿತು, ಆದರೂ ನಿಲ್ಲಲಿಲ್ಲ. “ಸೆರಗು ಜಾರಿದೆಯಾ? ಹಲ್ಲು ಕಾಣ್ತದಾ? ಎದುರು ಇದ್ದವರನ್ನು ನೋಡಿದ್ದು, ಅಷ್ಟೇ ಅಲ್ವಾ?”

“ಅಷ್ಟೇ ಅಂತ ನೀನು ಹೇಳ್ತಿ. ನಾನು ದಿನ ಬೆಳಗಾದ್ರೆ ಗಲ್ಲಾದಲ್ಲಿ ಕೂತವ. ಗೋಡೆಯ ಕ್ಯಾಲೆಂಡರಿನ ಹೆಣ್ಣನ್ನು ನೋಡಿ ಚಾ ಕುಡಿಯುವವರು ಎಂತ ಮಾತಾಡ್ತಾರೆ ಅಂತ ನನ್ನ ಕಿವಿಗೆ ಬೀಳ್ತದೆ. ನಾಳೆ ಈ ಕಾರ್ಡು ಅವರ ಕೈಯಲ್ಲಿರ್ತದೆ. ನನ್ನ ಮನೆಯ ಹುಡುಗಿಯ ಮೇಲೆ ಆ ಮಾತು ಬೀಳುವುದನ್ನು ನಾನು ಕೂತು ಕೇಳ್ಬೇಕಾ?”

ಮಾವನ ಕಣ್ಣು ಕೆಂಪಾಗಿತ್ತು. ಅದು ಬರೀ ಸಿಟ್ಟಲ್ಲ ಎಂದು ಈಗ ಅನಿಸುತ್ತದೆ. ಆಗ ನನಗೆ ಅವರನ್ನು ಕಂಡರೆ ಸೇರದಂತಾಯಿತು.

“ಮುಗೀತು,” ಎಂದರು. “ಮುಂದಿನ ಆದಿತ್ಯವಾರದಿಂದ ಕ್ಲಾಸು ಬೇಡ. ಟೀಚರಿಗೆ ಹೇಳಿ ಕಳಿಸು.”

ಅಜ್ಜಿ ಗೋಡೆ ಹಿಡಿದು ಎದ್ದು ಬಂದರು. ‘ತಾ, ನೋಡುವ’ ಎಂದು ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದರು, ದೂರ ಮಾಡಿದರು, ಹತ್ತಿರ ತಂದರು. ಎಲೆಯಡಿಕೆಯ ಚೀಲದೊಳಗೆ ತುರುಕಿ ಅದರ ದಾರ ಬಿಗಿದು ಹೋದರು. ಬಚ್ಚಲ ಒಲೆಗೆ ಹಾಕುತ್ತಾರೆ ಎಂದೇ ನನಗೆ ಖಾತ್ರಿಯಾಯಿತು. ಗೆಜ್ಜೆ ಕಿಣಿ ಎಂದರೆ ಕೆಮ್ಮುವ ಮುದುಕಿ ಇನ್ನೇನು ಮಾಡಿಯಾಳು? ಅಮ್ಮನ ಕೋಣೆಗೆ ಹೋಗಿ ಕನ್ನಡಿಗೆ ಬೆನ್ನು ಹಾಕಿ ಕುಳಿತು ಅತ್ತೆ. ಅಮ್ಮ ಪಾತ್ರೆ ತಿಕ್ಕುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಅದಾಗಿ ಒಂದೆರಡು ದಿನಕ್ಕೆ ಸಂಕ್ರಮಣ ಬಂತು. ತಿಂಗಳಿಗೊಮ್ಮೆ ಆ ಬೆಳಿಗ್ಗೆ ಮಾವ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ದೈವಕ್ಕೆ ದೀಪ ಇಟ್ಟು ಕೈಮುಗಿದ ಮೇಲೆಯೇ ಹೋಟೆಲಿಗೆ ಹೋಗುವುದು. ಕೋಣೆ ಗುಡಿಸಿ, ಬತ್ತಿ ಹಾಕಿಡುವುದು ಅಜ್ಜಿಯ ಕೆಲಸ. ನಾನೂ ಅಮ್ಮನೂ ಚಾವಡಿಯಲ್ಲಿ ಕೈಮುಗಿದು ನಿಂತಿದ್ದೆವು. ಮಾವ ಹೊಸ್ತಿಲು ದಾಟಿ ದೀಪ ಹಚ್ಚಿದರು. ಹಚ್ಚಿದವರು ಹಾಗೆಯೇ ನಿಂತರು. ಮಂಚದ ಬುಡದಲ್ಲಿ ಬಾಳೆಯೆಲೆಯ ತುಂಡು, ಅದರ ಮೇಲೆ ವೀಳ್ಯದೆಲೆ, ಅಡಿಕೆ, ಅದರ ಮೇಲೆ ನನ್ನ ಫೋಟೋ. ದೀಪದ ಬೆಳಕು ನೇರ ನನ್ನ ಕಣ್ಣಿನ ಮೇಲೆ ಬಿದ್ದಿತ್ತು. ಅಮ್ಮ ನನ್ನ ಕೈ ಹಿಡಿದಳು, ಉಗುರು ಚುಚ್ಚುವಷ್ಟು ಬಿಗಿಯಾಗಿ.

“ಅಮ್ಮ, ಇದೆಂತದು?” ಎಂದರು ಮಾವ, ತಿರುಗದೆ.

“ಹೇಳಿಕೆ,” ಎಂದರು ಅಜ್ಜಿ.

ನಮ್ಮಲ್ಲಿ ಹೇಳಿಕೆ ಎಂದರೆ ಆಮಂತ್ರಣ. ಮದುವೆಯಿರಲಿ, ಮನೆ ಒಕ್ಕಲಿರಲಿ, ಮೊದಲ ಹೇಳಿಕೆ ಮನೆಯ ದೈವಕ್ಕೆ. ಅದನ್ನು ಕೊಟ್ಟ ಮೇಲೆಯೇ ಊರವರಿಗೆ. ದೈವಕ್ಕೆ ಹೇಳಿಯಾದ ಕಾರ್ಯವನ್ನು ಯಾರೂ ನಿಲ್ಲಿಸುವ ಕ್ರಮವಿಲ್ಲ.

“ಕಾರ್ಡೇ ಅಚ್ಚಾಗಲಿಲ್ಲ!”

“ನನಗೆ ಓದ್ಲಿಕ್ಕೆ ಬರುವುದಿಲ್ಲ. ದೈವಕ್ಕೆ ಓದುವ ಅಗತ್ಯವೂ ಇಲ್ಲ. ಫೋಟೋ ಸಾಕು,” ಎಂದರು ಅಜ್ಜಿ. “ಮಗಳ ಬಾಯಿ ಮುಚ್ಚಿಸಿದಾಗ ನಾನು ಸುಮ್ಮನೆ ಇದ್ದೆ. ಇನ್ನು ಆಗುವುದಿಲ್ಲ. ನಮ್ಮ ಹುಡುಗಿ ಕುಣೀತಾಳೆ, ಬಂದು ಕಾಪಾಡು ಅಂತ ಬೆಳಿಗ್ಗೆಯೇ ಹೇಳಿ ಆಯ್ತು. ನೀನು ಈ ಮನೆಯ ಯಜಮಾನ ಅಲ್ವಾ? ಬರುವುದು ಬೇಡ ಅಂತ ಹೇಳ್ಲಿಕ್ಕಿದ್ರೆ ನೀನೇ ಹೇಳು. ಅಗೋ, ಎದುರೇ ಉಂಟು.”

ಮನೆಯೆದುರು ಒಂದು ಬಸ್ಸು ಹೋಯಿತು. ತಟ್ಟೆಗಳು ಅದುರಿ ಸುಮ್ಮನಾದವು. ಮಾವ ದೈವದ ಮೊಗವನ್ನು ನೋಡಿದರು, ಆಮೇಲೆ ಫೋಟೋವನ್ನು ನೋಡಿದರು. ಫೋಟೋದ ನಾನು ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದೆ. ಚಾವಡಿಯಲ್ಲಿದ್ದ ನಾನು ಅಮ್ಮನ ಹಿಂದೆ ಸರಿದೆ. ಕೊನೆಗೆ ಮಾವ ಎರಡೂ ಕೈ ಜೋಡಿಸಿ ಕಣ್ಣು ತಗ್ಗಿಸಿದರು.

ಹೊರಗೆ ಬಂದವರು ಯಾರ ಮುಖವನ್ನೂ ನೋಡಲಿಲ್ಲ. ಜಗಲಿಗೆ ಹೋದರು, ಸ್ಕೂಟರಿನ ಕೀಲಿ ತೆಗೆದುಕೊಂಡರು. ಮೂಲೆಯ ಬುಟ್ಟಿಯಲ್ಲಿದ್ದ ಬೈರಾಸಿನ ಗಂಟು ಕಣ್ಣಿಗೆ ಬಿತ್ತೋ ಏನೋ, ಎತ್ತಿ ಒಳಗೆ ಬಂದು ನನ್ನ ಕೈಗೆ ಕೊಟ್ಟರು. ಮಾವ ಅದನ್ನು ಮುಟ್ಟಿದ್ದು ನಾನು ಕಂಡದ್ದು ಅದೇ ಮೊದಲು. ಗೆಜ್ಜೆ ಚಾವಡಿಯ ನಡುವೆ ಝಲ್ ಎಂದಿತು. ನಾನು ಹೆದರಿ ಅಜ್ಜಿಯನ್ನು ನೋಡಿದೆ. ಅಜ್ಜಿ ಕೆಮ್ಮಲಿಲ್ಲ.

“ದೈವಕ್ಕೆ ಹೇಳಿ ಆಗಿದೆ,” ಎಂದರು ಮಾವ. ಸ್ವರ ಮಾತ್ರ ಗದರಿಸುವಂತೆಯೇ ಇತ್ತು. “ನಾನೂ ಎದುರಿನ ಸಾಲಿನಲ್ಲೇ ಕೂತುಕೊಳ್ತೇನೆ. ಆ ದಿನ ಕಣ್ಣು ಕೆಳಗೆ ಹಾಕಿದ್ರೆ ನೋಡು ಮತ್ತೆ.”